ಇನ್ನೊಮ್ಮಿ ನೋಡೂಣು

ನವೆಂಬರ್ 4, 2024. ಸೋಮವಾರ. ಅನಗೋಳ

ಇವತ್ತು ತರಗತಿಯಲ್ಲಿ ನಮಗೆ ಕಲಿಸುವ ಡಾಕ್ಟರು ಬಸಯ್ಯ ಸರ್ ಜೊತೆ ಜಗಳ. ಜಗಳ ಅಂದರೆ, ನಾನು ನಿಂತು ಮಾತಾಡಿದೆ, ಅವರು ಕೂತು ಕೇಳಿದರು.

ನಾಲ್ಕು ವರ್ಷ ನರ್ಸಿಂಗ್ ಓದಿದವರನ್ನು ಮತ್ತೆ ಆರು ತಿಂಗಳು ಕೂಡಿಸಿ ಕಲಿಸುವುದು ಯಾತಕ್ಕೆ? ಡಾಕ್ಟರು ಕಾಲಿಡದ ಹಳ್ಳಿಯಲ್ಲಿ ನಾವೇ ರೋಗ ಗುರುತಿಸಬೇಕು, ನಾವೇ ಔಷಧ ಕೊಡಬೇಕು ಎಂದು. ಆದರೆ ಬೆಳಗಾವಿ ಕ್ಯಾಂಪಿನ ಆ ತಗಡಿನ ಚಾವಣಿಯ ಕೋಣೆಯಲ್ಲಿ ಸರ್ ಬೆಳಗಿನಿಂದ ಹೇಳಿದ್ದು ಒಂದೇ: ಯಾರನ್ನು ಯಾವಾಗ ಮೇಲಿನ ಆಸ್ಪತ್ರೆಗೆ ಕಳಿಸಬೇಕು. ಪಟ್ಟಿ ಮೇಲೆ ಪಟ್ಟಿ.

"ದಾನೇಶ್ವರಿ, ಯಾವಾಗ ಕೈ ಎತ್ತಬೇಕು ಅನ್ನೂದು ಗೊತ್ತಿರೂದ ದೊಡ್ಡ ವಿದ್ಯಾ" ಅಂದರು.

"ಕೈ ಎತ್ತೂದ ವಿದ್ಯಾ ಆದ್ರ ಆರು ತಿಂಗಳ ಯಾಕ್ರಿ ಸರ್? ಆರು ನಿಮಿಷ ಸಾಕು."

ತರಗತಿ ನಕ್ಕಿತು. ಸರ್ ಕೂಡ ನಕ್ಕರು. ಅವರು ನಕ್ಕಿದ್ದಕ್ಕೇ ನನಗೆ ಹೆಚ್ಚು ಸಿಟ್ಟು.

ಮನೆಗೆ ಬಂದು ಪೆಟ್ಟಿಗೆಯಿಂದ ಹಳ್ಳಿ ಆರೋಗ್ಯದ ಪುಸ್ತಿಕೆಗಳನ್ನು ತೆಗೆದೆ. ಹನ್ನೊಂದು ಇವೆ. ಪಿಯುಸಿಯಿಂದ ಕೂಡಿಸಿದ್ದು. ಒಂದರಲ್ಲಿ ಎರಡು ಸಲ ಗೆರೆ ಎಳೆದ ಸಾಲು: "ಹಳ್ಳಿಯ ರೋಗಿಯನ್ನು ಪಟ್ಟಣಕ್ಕೆ ಅಟ್ಟುವ ಪ್ರತಿ ಚೀಟಿಯೂ ಹಳ್ಳಿಯ ಸೋಲಿಗೆ ಹಾಕಿದ ಸಹಿ." ಇವತ್ತು ಮೂರನೇ ಗೆರೆ ಎಳೆದೆ. ಅವ್ವ ಅಂದಳು, "ಕಾಗದ ಹರೀತದ ಬಿಡ ಇನ್ನ."

ನವೆಂಬರ್ 12. ಮಂಗಳವಾರ. ಜಾಂಬೆಗಾಳಿ

ತರಬೇತಿಯ ಹಳ್ಳಿ ಪಾಳಿಗೆ ಬಂದೆ. ಖಾನಾಪುರದಿಂದ ಬಸ್ಸು ದಿನಕ್ಕೆ ಒಂದೇ. ಉಳಿದದ್ದು ಹಂಚಿನ ಕಾರ್ಖಾನೆಯ ಟೆಂಪೊ. ಉಪಕೇಂದ್ರ ಎರಡು ಕೋಣೆ, ಒಂದು ಕಟ್ಟೆ. ಹಿಂದಿನ ಕೋಣೆಯಲ್ಲಿ ನಾನು ಇರುವುದು. ಕಾಡು ಕಿಟಕಿಯಿಂದ ಇಪ್ಪತ್ತು ಹೆಜ್ಜೆ. ಕರಡಿ ಇಳಿಯುತ್ತದೆ, ಮುಸ್ಸಂಜೆ ಬಾಗಿಲು ಹಾಕಿಕೊಳ್ಳಿ ಎಂದು ಮೊದಲನೆಯ ದಿನವೇ ಹೇಳಿದರು.

ಹೇಳಿದವರು ಪ್ರಮಿಳಾಬಾಯಿ. ಮೂವತ್ತು ವರ್ಷದಿಂದ ಇಲ್ಲಿನ ನರ್ಸು. ಮನೆಮಾತು ಮರಾಠಿ, ನನ್ನ ಜೊತೆ ಕನ್ನಡ, ದೇವರ ಜೊತೆ ಮರಾಠಿ. ಅವರ ಏಪ್ರನ್ನಿನ ಕಿಸೆಯಲ್ಲಿ ಚೀಟಿಯ ಪುಸ್ತಕ ಸದಾ ಇರುತ್ತದೆ. ಕೆಮ್ಮು? ಚೀಟಿ. ಗಾಯ? ಚೀಟಿ. ಬೆಳಗಾವಿಗೆ ಹೋಗ್ರಿ.

ಅಕ್ಕವ್ವ ಎಂಬ ಮುದುಕಿಯ ಪಾದದಲ್ಲಿ ಹುಣ್ಣು. ಮೂರು ಸಲ ಚೀಟಿ ಹಿಡಿದು ಬೆಳಗಾವಿಗೆ ಹೋಗಿದ್ದಾಳೆ. ಮೂರೂ ಸಲ ಬೇರೆ ಬೇರೆ ಸಾಲಿನಲ್ಲಿ ನಿಂತು, ಹೊತ್ತು ಮೀರಿ, ಬಸ್ಸು ತಪ್ಪೀತೆಂದು ವಾಪಸು. ನಾನು ಹುಣ್ಣು ತೊಳೆದು ಕಟ್ಟಿದೆ. ಸಕ್ಕರೆ ಕಾಯಿಲೆ ಇದೆಯೇ ಎಂದು ನೋಡಿದೆ, ಇಲ್ಲ.

"ನಮಗ್ಯಾಕ ಬೇಕ ಈ ಉಸಾಬರಿ?" ಪ್ರಮಿಳಾಬಾಯಿ ಅಂದರು. "ಏನರೆ ಆತಂದ್ರ ನಮ್ಮ ಬಾಜು ಯಾರೂ ನಿಲ್ಲಂಗಿಲ್ಲ, ಸಣ್ಣ ಡಾಕ್ಟರಬಾಯಿ."

ಚೇಷ್ಟೆ ಮಾಡಲಿ. ಕೆಲಸ ನೋಡಲಿ.

ನವೆಂಬರ್ 29. ಶುಕ್ರವಾರ

ಅಕ್ಕವ್ವನ ಹುಣ್ಣು ಮಾಗಿತು! ಎರಡು ವಾರ ಮೂರು ದಿನ. ಕಟ್ಟೆಯ ಮೇಲೆ ನಿಂತು ಕಾಲು ಎತ್ತಿ ದಾರಿಯಲ್ಲಿ ಹೋಗುವವರಿಗೆಲ್ಲ ತೋರಿಸಿದಳು. "ಬೆಳಗಾಂವದಾಗ ನನ್ನ ಕಾಲ ಯಾರೂ ನೋಡಲಿಲ್ಲ, ಬರೇ ಮಾರಿ ನೋಡಿ ಮುಂದ ಹೋಗು ಅಂದ್ರು." ಈ ತಿಂಗಳು ನಾನು ಬರೆದ ಚೀಟಿ ಎರಡು. ಒಂದು ಹಾವು ಕಚ್ಚಿದ್ದು, ಇನ್ನೊಂದು ತೊಡೆಯ ಮೂಳೆ ಮುರಿದದ್ದು. ಬೇರೆ ದಾರಿ ಇರಲಿಲ್ಲ.

ಡಿಸೆಂಬರ್ 3. ಮಂಗಳವಾರ

ಮಂಗಳವಾರ ಬಸುರಿಯರ ತಪಾಸಣೆ. ಇವತ್ತು ಮಹೇಕ ಬಂದಿದ್ದಳು. ವಯಸ್ಸು ಇಪ್ಪತ್ಮೂರು, ನನಗಿಂತ ಒಂದು ವರ್ಷ ಚಿಕ್ಕವಳು. ಏಳು ತಿಂಗಳು. ಗಂಡ ಶಾಕಿರ ಹಂಚಿನ ಟೆಂಪೊ ಓಡಿಸುತ್ತಾನೆ. ಜೊತೆಗೆ ಅತ್ತೆ ಜೋಹರಾಬಿ, ಬಾಯಲ್ಲಿ ಎಲೆ ಅಡಿಕೆ, ಕೈಯಲ್ಲಿ ಸೊಸೆಯ ಕೈ.

ಮಹೇಕಳ ಮೊದಲ ಕೂಸು ಉಳಿಯಲಿಲ್ಲ. ಹೋದ ವರ್ಷ ನೋವು ಬಂದಾಗ ಇಲ್ಲಿಂದ ಚೀಟಿ, ಖಾನಾಪುರದಿಂದ ಇನ್ನೊಂದು ಚೀಟಿ. ಬೆಳಗಾವಿಯಲ್ಲಿ ಹಾಸಿಗೆ ಖಾಲಿ ಇಲ್ಲವೆಂದು ಓಣಿಯಂಥ ವರಾಂಡದಲ್ಲಿ ಕೂಡಿಸಿದರು. ಅಲ್ಲೇ ಹೆರಿಗೆಯಾಯಿತು, ಪರದೆ ಎಳೆಯುವುದಕ್ಕೂ ಯಾರೂ ಬರಲಿಲ್ಲ. ಹೇಳುವಾಗ ಅವಳು ಅಳಲಿಲ್ಲ. ಓಢಣಿಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

"ಬಾಯೀ, ಏನ ಬೇಕಾದ್ದ ಮಾಡ್ರಿ. ಬೆಳಗಾಂವಕ್ಕ ಮಾತ್ರ ಕಳಸಬ್ಯಾಡ್ರಿ."

"ಕಳಸಂಗಿಲ್ಲ" ಅಂದೆ.

ಪ್ರಮಿಳಾಬಾಯಿ ನನ್ನನ್ನು ದಿಟ್ಟಿಸಿದರು. ರಕ್ತದ ಒತ್ತಡ 134/84. 140/90 ಮುಟ್ಟಿದರೆ ಕಳಿಸಬೇಕು ಎಂದು ಸರ್ ಅವರ ಪಟ್ಟಿ. ಪರವಾಗಿಲ್ಲ.

ಈ ಹುಡುಗಿಗಾಗಿಯೇ ಅಲ್ಲವೇ ನಾನು ಇಲ್ಲಿಗೆ ಬಂದಿದ್ದು? ವರಾಂಡದಲ್ಲಿ ಪರದೆ ಎಳೆಯದ ವ್ಯವಸ್ಥೆಗೆ ಉತ್ತರ ಇಂಥ ಎರಡು ಕೋಣೆಗಳೇ. ಬರೆದಿಡುತ್ತೇನೆ: ಮಹೇಕಳ ಹೆರಿಗೆ ಈ ಊರಿನಲ್ಲೇ ಆಗುತ್ತದೆ.

ಡಿಸೆಂಬರ್ 11. ಬುಧವಾರ. ಬೆಳಗಾವಿ

ತಿಂಗಳ ಸಭೆ. ಅಧಿವೇಶನದ ಬಂದೋಬಸ್ತು, ಮೂರನೇ ರೈಲ್ವೆ ಗೇಟಿನಿಂದ ಕ್ಯಾಂಪಿಗೆ ಮುಟ್ಟಲು ಒಂದು ತಾಸು. ತಡವಾಗಿ ಒಳಗೆ ಹೋದರೆ ನನ್ನ ಹೆಸರೇ ಹೇಳುತ್ತಿದ್ದರು! ಮೇಲಿನಿಂದ ಬಂದ ಅಧಿಕಾರಿ ಮೇಡಂ ಗೋಡೆಯ ಮೇಲೆ ಪಟ್ಟಿ ತೋರಿಸಿದರು. ತರಬೇತಿಯವರು ಬರೆದ ಚೀಟಿಗಳು: ಪ್ರತಿ ಕೇಂದ್ರದಿಂದ ಇಪ್ಪತ್ತು, ಮೂವತ್ತು. ಜಾಂಬೆಗಾಳಿಯಿಂದ ಎರಡು.

"ಎಲ್ಲಾರೂ ಈಕೀನ್ನ ನೋಡಿ ಕಲೀರಿ."

ಚಪ್ಪಾಳೆ. ಬಸಯ್ಯ ಸರ್ ಕೂಡ ತಟ್ಟಿದರು, ಆದರೆ ಆಮೇಲೆ ಚಹಾ ಕುಡಿಯುವಾಗ ಬಾಜು ಬಂದು, "ಕಡಿಮಿ ಕಳಸೂದು ಚಲೋನ. ಕಡಿಮಿ ಕಳಸಬೇಕು ಅನ್ನೂದು ಚಲೋ ಅಲ್ಲ" ಅಂದರು. ಡಾಕ್ಟರರು ಹೀಗೇ. ತಮ್ಮ ಬಾಗಿಲಿಗೆ ಜನ ಬರದಿದ್ದರೆ ಕಸಿವಿಸಿ.

ಜನವರಿಯಲ್ಲಿ ಸರ್ ಹೊಸ ತಂಡದ ಆರು ಹುಡುಗಿಯರನ್ನು ಕರೆದುಕೊಂಡು ನನ್ನ ಕೇಂದ್ರ ನೋಡಲು ಬರುತ್ತಾರಂತೆ. ನನ್ನ ಕೇಂದ್ರ!

ಡಿಸೆಂಬರ್ 17. ಮಂಗಳವಾರ

ಮಹೇಕ ಬಂದಳು. 144/92.

ಏರು ಹತ್ತಿ ನಡೆದು ಬಂದಿದ್ದಳು, ಅದಕ್ಕೇ. "ಸ್ವಲ್ಪ ಕುಂದರು. ಇನ್ನೊಮ್ಮಿ ನೋಡೂಣು." ಹದಿನೈದು ನಿಮಿಷ ಬಿಟ್ಟು 136/86. ನಿಯಮವೂ ಅದನ್ನೇ ಹೇಳುತ್ತದೆ, ವಿಶ್ರಾಂತಿ ಕೊಟ್ಟು ಮತ್ತೆ ನೋಡಿ ಎಂದು. ತಾಸುಗಳ ಲೆಕ್ಕ ಏನೋ ಇದೆ. ಅಷ್ಟು ಹೊತ್ತು ಕೂಡಿಸಿಕೊಂಡರೆ ಉಳಿದ ಬಸುರಿಯರನ್ನು ನೋಡುವುದು ಯಾವಾಗ? ಎರಡನ್ನೂ ಬರೆದೆ. ಎರಡನೆಯದನ್ನು ಪೆನ್ನಿನಲ್ಲಿ, ಮೊದಲಿನದನ್ನು ಪೆನ್ಸಿಲಿನಲ್ಲಿ.

ಉಪ್ಪು ಕಡಿಮೆ ಮಾಡು, ಎಡಮಗ್ಗುಲಲ್ಲಿ ಮಲಗು ಅಂದೆ. ಜೋಹರಾಬಿ, "ಮಲಗೂದ ಒಂದ ಹೇಳಬ್ಯಾಡ್ರಿ, ಅದನ್ನ ಆಕೀ ನಿಮಗ ಕಲಸ್ತಾಳ" ಅಂದರು. ಮಹೇಕ ಅತ್ತೆಯ ತೋಳು ಚಿವುಟಿದಳು.

ಡಿಸೆಂಬರ್ 22. ಭಾನುವಾರ

ತರಬೇತಿಯ ದಾಖಲೆ ಪುಸ್ತಕ ಚೊಕ್ಕಟ ಮಾಡಿದೆ. ಪೆನ್ಸಿಲಿನ ಗುರುತುಗಳನ್ನೆಲ್ಲ ಅಳಿಸಿದೆ. ನೋಡಲು ಬರುವವರಿಗೆ ಗೊಂದಲ ಬೇಡ.

ಇತ್ತೀಚೆಗೆ ಊರಿನವರೂ ಡಾಕ್ಟರಬಾಯಿ ಅನ್ನುತ್ತಾರೆ. ಮೊದಲು ತಿದ್ದುತ್ತಿದ್ದೆ.

ಡಿಸೆಂಬರ್ 31. ಮಂಗಳವಾರ

ಎಂಟು ತಿಂಗಳು ತುಂಬಿತು ಮಹೇಕಳಿಗೆ. 152/98. ಕೂಡಿಸಿದೆ. 146/94. ಮಲಗಿಸಿದೆ, ಎಡಮಗ್ಗುಲು, ಮಾತಾಡಬೇಡ ಅಂದೆ, ಕಿಟಕಿ ಮುಚ್ಚಿದೆ. 138/88.

138/88 ಬರೆದೆ. ಈ ಮಷೀನು ಬೆಳಗಿನ ತಂಪಿನಲ್ಲಿ ಹೆಚ್ಚು ತೋರಿಸುತ್ತದೆ ಎಂದು ನನಗೆ ಮೊದಲಿನಿಂದ ಅನುಮಾನ. ಶಾಂತವಾಗಿದ್ದಾಗ ಬರುವುದೇ ನಿಜವಾದ ಅಳತೆ.

ಮೂತ್ರದ ಪರೀಕ್ಷೆಗೆ ಪಟ್ಟಿ ಅದ್ದಿದೆ. ಒಳಗೆ ನೋಡಿದರೆ ಪ್ರೋಟೀನಿನ ಹಸಿರು ಎದ್ದು ಕಂಡಿತು. ಕಟ್ಟೆಗೆ ಬಂದು ಬಿಸಿಲಿನಲ್ಲಿ ಹಿಡಿದೆ, ತೆಳುವಾಗಿ ಕಂಡಿತು. ಬಣ್ಣ ನೋಡಬೇಕಾದದ್ದು ಬೆಳಕಿನಲ್ಲೇ ಅಲ್ಲವೇ. "ಅತ್ಯಲ್ಪ" ಎಂದು ಬರೆದೆ.

ಮಹೇಕಳ ಬೆಳ್ಳಿ ಉಂಗುರ ಬೆರಳಿನಿಂದ ಹೊರಡುತ್ತಿಲ್ಲ. ಸಾಬೂನು ಹಚ್ಚಿ ಜೋಹರಾಬಿ ಎಳೆದರು. "ನಿಕಾಹದಾಗ ಹಾಕೂದಕ್ಕ ಇಷ್ಟ ತ್ರಾಸ ಆಗಿದ್ದಿಲ್ಲ ನೋಡ್ರಿ." ಮೂವರೂ ನಕ್ಕೆವು. ಪ್ರಮಿಳಾಬಾಯಿ ನಗಲಿಲ್ಲ.

ಜನವರಿ 3, 2025. ಶುಕ್ರವಾರ

ಬೆಳಿಗ್ಗೆ ಜೋಹರಾಬಿ ಒಂದು ಚೀಟಿ ಹಿಡಿದು ಬಂದರು. "ಬೇಟಾ, ಪ್ರಮಿಳಾಬಾಯಿ ನಿನ್ನೆ ಮನೀಗೆ ಬಂದು ಕೊಟ್ಟ ಹೋದ್ರು. ಏನ ಬರದಾರ ಇದ್ರಾಗ?"

ಬೆಳಗಾವಿಗೆ ತಕ್ಷಣ ಕರೆದೊಯ್ಯಬೇಕು ಎಂದು ಬರೆದಿತ್ತು. ನನ್ನ ಬೆನ್ನ ಹಿಂದೆ!

"ಇದರ ಜರೂರ ಇಲ್ಲ" ಅಂದು ನನ್ನ ಚೀಲದಲ್ಲಿ ಇಟ್ಟುಕೊಂಡೆ. ಅವರ ಮುಖ ಎಷ್ಟು ಹಗುರವಾಯಿತೆಂದರೆ, ನನಗೂ ಕಣ್ಣು ತೇವವಾಯಿತು.

ಪ್ರಮಿಳಾಬಾಯಿ ಬಂದ ಕೂಡಲೇ ಕೇಳಿದೆ. ಅವರು ಕೂಗಾಡಲಿಲ್ಲ.

"ಆಕೀ ಮಾರಿ ನೋಡೀರಿ? ಕಣ್ಣಿನ ಕೆಳಗ ಬಾತೈತಿ. ನನ್ನ ಮೂವತ್ತ ವರ್ಷದಾಗ ಹಿಂಥಾ ಮಾರಿ ಎರಡ ಸಲ ನೋಡೀನಿ."

"ಏನಾತು ಅವರಿಗೆ?"

"ಒಬ್ಬಾಕಿ ಅದಾಳ."

ನಾನು ಮೇಜಿನ ಮೇಲಿನ ಕಾರ್ಡುಗಳನ್ನು ಜೋಡಿಸಿದೆ. ಆಮೇಲೆ ನಾನೇ ಅಂದೆ: "ಹೋದ ಸಲನೂ ನೀವ ಚೀಟಿ ಕೊಟ್ಟಿದ್ರಿ. ಏನಾತು ಕೂಸಿಂದು?"

ಅವರು ಚೀಟಿಯ ಪುಸ್ತಕ ಕಿಸೆಯಿಂದ ತೆಗೆದು ನನ್ನ ಮೇಜಿನ ಮೇಲಿಟ್ಟು ಒಳಗೆ ಹೋದರು. ಇನ್ನು ಮೇಲೆ ಅದು ನನ್ನ ಬಳಿಯೇ ಇರುತ್ತದೆ. ಹೀಗೆ ಒಂದು ಶಿಸ್ತು ಬಂತು.

ಜನವರಿ 5. ಭಾನುವಾರ

ಪ್ರಮಿಳಾಬಾಯಿ ಭಯವನ್ನು ಅನುಭವ ಅಂತ ಕರೆಯುವವರು. ಅಷ್ಟೇ.

ಜನವರಿ 7. ಮಂಗಳವಾರ

158/104.

154/100.

148/96.

ಮಹೇಕ ತಲೆ ನೋಯುತ್ತದೆ ಅಂದಳು. ರಾತ್ರಿ ನಿದ್ದೆ ಇಲ್ಲದ್ದಕ್ಕೆ ಇರಬಹುದು. "ಕಣ್ಣ ಮುಂದ ಸಣ್ಣ ಸಣ್ಣ ಚಿಕ್ಕಿ ಹಾರ್ತಾವರಿ ಬಾಯೀ, ಮಿಣುಕು ಹುಳದಂಗ." ಕಬ್ಬಿಣದ ಮಾತ್ರೆ ಬಿಟ್ಟಿದ್ದೀಯಾ ಎಂದು ಕೇಳಿದೆ. ಬಿಟ್ಟಿಲ್ಲವಂತೆ. ರಕ್ತ ಕಡಿಮೆ ಇದ್ದರೂ ಹಾಗಾಗುತ್ತದೆ.

"ಇನ್ನೊಮ್ಮಿ ನೋಡೂಣು." ಊಟಕ್ಕೆ ಎಲ್ಲರೂ ಹೋದ ಮೇಲೆ, ಕೋಣೆ ಕತ್ತಲು ಮಾಡಿ, ಅವಳ ಹಣೆಗೆ ಒದ್ದೆ ಬಟ್ಟೆ ಇಟ್ಟು, ಮುಕ್ಕಾಲು ತಾಸು ಬಿಟ್ಟು. ಐದನೇ ಸಲ ಅಥವಾ ಆರನೇ ಸಲ. 138/88. ಹೋದ ವಾರದ್ದೇ. ಸ್ಥಿರವಾಗಿದೆ ಎಂದಾಯಿತು.

ಗುರುವಾರ ಬಸಯ್ಯ ಸರ್ ಹುಡುಗಿಯರನ್ನು ಕರೆದುಕೊಂಡು ಬರುತ್ತಾರೆ. ಊರಿನಲ್ಲೇ ಬಸುರಿಯ ಆರೈಕೆ ಹೇಗೆ ಎಂದು ತೋರಿಸಲು ಮಹೇಕಳನ್ನೇ ಹತ್ತು ಗಂಟೆಗೆ ಬಾ ಅಂದಿದ್ದೇನೆ. "ನಾ ಏನ ಮಾಡಬೇಕ್ರಿ?" "ಏನಿಲ್ಲ. ಮಲಗಿರು ಅಷ್ಟ." "ಅದ ನನಗ ಚಲೋ ಬರ್ತೈತಿ" ಅಂದಳು.

ನಾನೇನು ಕುರುಡಿಯಲ್ಲ. ಶುಕ್ರವಾರ ನಾನೇ ಅವಳನ್ನು ಬೆಳಗಾವಿಗೆ ಕರೆದುಕೊಂಡು ಹೋಗಿ ಒಮ್ಮೆ ತೋರಿಸಿಕೊಂಡು ಬರುತ್ತೇನೆ. ಚೀಟಿ ಇಲ್ಲದೆ, ಕೈ ಹಿಡಿದು, ಪರದೆ ಎಳೆಯುವವಳು ಜೊತೆಗಿದ್ದು. ಗುರುವಾರ ಒಂದು ಮುಗಿಯಲಿ.

ಜನವರಿ 8. ಬುಧವಾರ

ಕಟ್ಟೆಗೆ ಸುಣ್ಣ ಬಳಿಸಿದೆ. ಹಾಸಿಗೆಯ ಬಟ್ಟೆ ಒಗೆದೆ. ಸಂಜೆ ಮಹೇಕಳ ಮನೆಯ ಕಡೆ ಒಂದು ಸುತ್ತು ಹೋಗಿಬರಬೇಕೆಂದುಕೊಂಡೆ, ಆಗಲಿಲ್ಲ.

ಜನವರಿ 9. ಗುರುವಾರ

ಎಲ್ಲರೂ ಹೋದ ಮೇಲೆ ಬರೆಯುತ್ತಿದ್ದೇನೆ.

ಹತ್ತಕ್ಕೆ ಸರ್ ಬಂದರು, ಹುಡುಗಿಯರು ಬಂದರು. ಹತ್ತೂವರೆಗೂ ಮಹೇಕ ಬರಲಿಲ್ಲ. ನಾನು ಔಷಧದ ಕಪಾಟು ತೋರಿಸುತ್ತಿದ್ದೆ. ಪ್ರಮಿಳಾಬಾಯಿ ಯಾರಿಗೂ ಹೇಳದೆ ಇಳಿಜಾರಿನಲ್ಲಿ ಹೋಗಿದ್ದರು. ಅವರು ಅಲ್ಲಿಂದಲೇ ನನ್ನ ಹೆಸರು ಹಿಡಿದು ಕೂಗಿದ್ದು ಕೇಳಿಸಿತು. ಬಾಯಿ ಅಲ್ಲ, ಡಾಕ್ಟರಬಾಯಿ ಅಲ್ಲ. "ದಾನೇಶ್ವರೀ!"

ತುರ್ತು ಚೀಲ ಎತ್ತಿಕೊಂಡು ಓಡಿದೆವು. ಅಡುಗೆಮನೆಯ ನೆಲದ ಮೇಲೆ ಮಹೇಕ. ಫಿಟ್ಸ್. ಹಲ್ಲು ಕಚ್ಚಿ, ನಾಲಿಗೆಯಿಂದ ರಕ್ತ. ಹೊಸ ಸಲ್ವಾರ್ ಹಾಕಿಕೊಂಡಿದ್ದಳು, ಬರುವುದಕ್ಕೆಂದು. ಮಗ್ಗುಲಿಗೆ ಹೊರಳಿಸಿದೆ. ಮೆಗ್ನೀಸಿಯಂ ಇಂಜೆಕ್ಷನ್, ಎರಡೂ ಕಡೆ ಐದೈದು ಗ್ರಾಂ, ಆಳಕ್ಕೆ. ಆ ಅಳತೆ ತಪ್ಪಲಿಲ್ಲ. ಅದೊಂದು ನಿಜ. ನಾಲ್ಕು ನಿಮಿಷದಲ್ಲಿ ಫಿಟ್ಸ್ ನಿಂತಿತು. ಆಂಬುಲೆನ್ಸಿಗಾಗಿ ಕಾಯದೆ ಶಾಕಿರನ ಟೆಂಪೊದಲ್ಲಿ, ಹಂಚು ಇಳಿಸಿ, ಹಾಸಿಗೆ ಹಾಸಿ, ಜೋಹರಾಬಿಯ ಜೊತೆ ಬೆಳಗಾವಿಗೆ.

ಟೆಂಪೊ ಶುರುವಾಗುವಾಗ ಸರ್ ಕೇಳಿದರು, "ಮೊನ್ನೆ ಮಂಗಳವಾರ ಎಷ್ಟಿತ್ತು?"

"138/88 ಸರ್."

"ಅದಕ್ಕೂ ಮೊದಲ?"

"138/88."

ಹುಡುಗಿಯೊಬ್ಬಳು ಕೇಂದ್ರದಿಂದ ಹಿಡಿದು ತಂದಿದ್ದ ದಾಖಲೆ ಪುಸ್ತಕವನ್ನು ಅವರು ತೆರೆದು ನೋಡಿದರು. ಹಾಗೆಯೇ ಬರೆದಿತ್ತು. ಪ್ರಮಿಳಾಬಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಹೊಸ ಹುಡುಗಿಯರಲ್ಲಿ ಒಬ್ಬಳು ಆ ಅಂಕಿಗಳನ್ನು ತನ್ನ ನೋಟ್‌ಬುಕ್ಕಿಗೆ ಇಳಿಸಿಕೊಂಡಳು.

"ಒಮ್ಮೊಮ್ಮೆ ಏನೂ ಸುಳಿವು ಕೊಡದ ಬರ್ತೈತಿ" ಎಂದು ಸರ್ ಅವರಿಗೆ ಪಾಠ ಹೇಳಿದರು. "ಇಂಥಾ ವ್ಯಾಳ್ಯಾದಾಗ ಈಕಿ ಮಾಡಿದ್ದ ನೋಡ್ರಿ, ಹಿಂಗ ಮಾಡಬೇಕು." ನನ್ನ ಹೆಗಲ ಮೇಲೆ ಕೈ ಇಟ್ಟರು. "ನಾ ನಿನ್ನ ಬಗ್ಗೆ ತಪ್ಪ ತಿಳಕೊಂಡಿದ್ದೆ."

ಜನವರಿ 10. ಶುಕ್ರವಾರ

ನಿನ್ನೆ ಸಂಜೆಯೇ ಹೊಟ್ಟೆ ಕೊಯ್ದು ಕೂಸು ತೆಗೆದರಂತೆ. ಹೆಣ್ಣು. ಒಂದು ಕಿಲೊ ಒಂಬೈನೂರು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಮಹೇಕ ಇನ್ನೂ ಎಚ್ಚರವಾಗಿಲ್ಲ.

ಬೆಳಿಗ್ಗೆ ಏಳುವಾಗ ಮುಂದಿನ ಕೋಣೆಯಲ್ಲಿ ಗಾಳಿ ತುಂಬುವ ಸದ್ದು. ಪ್ರಮಿಳಾಬಾಯಿ ಮಷೀನಿನ ಪಟ್ಟಿಯನ್ನು ತಮ್ಮ ತೋಳಿಗೇ ಕಟ್ಟಿಕೊಂಡು ನೋಡುತ್ತಿದ್ದರು. ಬಾಜು, ಖಾನಾಪುರದಿಂದ ತಂದ ಇನ್ನೊಂದು ಮಷೀನು. ಎರಡನ್ನೂ ನೋಡಿದರು.

"ಮಷೀನ ಬರೋಬ್ಬರಿ ಐತಿ" ಅಂದರು. ಅಷ್ಟೇ. ಪಟ್ಟಿ ಸುತ್ತಿ ಡಬ್ಬಿಯಲ್ಲಿಟ್ಟು, ಮರಾಠಿಯಲ್ಲಿ ಏನೋ ಗೊಣಗಿದರು. ನನ್ನ ಜೊತೆ ಅಲ್ಲ.

ಯಾರಿಗಾದರೂ ಹೇಳುತ್ತಾರೆಯೇ? ಏನು ಹೇಳಿಯಾರು? ನಾನು ಇಲ್ಲದ ಅಂಕಿ ಬರೆದಿಲ್ಲ. ಮಷೀನು ತೋರಿಸಿದ್ದನ್ನೇ ಬರೆದೆ. ಪ್ರತಿ ಸಲವೂ.

ಜನವರಿ 13. ಸೋಮವಾರ. ಬೆಳಗಾವಿ

ಆಸ್ಪತ್ರೆಗೆ ಹೋಗಿದ್ದೆ. ಐದನೆಯ ದಿನ. ಮಹೇಕಳನ್ನು ಗಾಜಿನ ಈಚೆಯಿಂದ ನೋಡಿದೆ. ಬಾಯಲ್ಲಿ ಕೊಳವೆ. ಉಂಗುರವನ್ನು ಕತ್ತರಿಸಿ ತೆಗೆದಿದ್ದಾರೆ, ಬೆರಳಿನಲ್ಲಿ ಬಿಳಿ ಗೆರೆ ಉಳಿದಿದೆ. ಮೆದುಳಿನಲ್ಲಿ ರಕ್ತ ಒಸರಿದೆ, ಎದ್ದರೂ ಒಂದು ಕಡೆಯ ಕೈಕಾಲು ಹೇಳಲಿಕ್ಕಾಗದು ಎಂದು ಅಲ್ಲಿನ ಡಾಕ್ಟರು ಹೇಳಿದರು. ವಯಸ್ಸಿನಲ್ಲಿ ನನ್ನಷ್ಟೇ ಇರಬೇಕು ಆಕೆ. ನಾನು ತುಂಬಿದ ಮಹೇಕಳ ತಾಯಿ ಕಾರ್ಡು ಅವರ ಕೈಯಲ್ಲಿತ್ತು.

"ನಿಮ್ಮ ಕಾರ್ಡ ಭಾಳ ಚೊಕ್ಕಟ ಐತಿ. ಇದರಾಗ ಏನೂ ಇರಲಿಲ್ಲ, ಒಮ್ಮಿಗೇ ಏರೇತಿ. ಹಂಗ ಬರದೀನಿ" ಅಂದರು.

ಹೌದು ಅಂದೆ.

ಹೊರಗೆ ವರಾಂಡದ ನೆಲದ ಮೇಲೆ ಜೋಹರಾಬಿ ಕೂತಿದ್ದರು. ನನ್ನನ್ನು ನೋಡಿ ಎದ್ದು, ಎರಡೂ ಕೈ ಹಿಡಿದುಕೊಂಡು, ತಮ್ಮ ಕಣ್ಣಿಗೆ ಒತ್ತಿಕೊಂಡರು.

"ಬೇಟಾ, ನೀ ಇರದಿದ್ರ ಕೂಸೂ ಇರತಿದ್ದಿಲ್ಲ. ಎಲ್ಲಾ ಡಾಕ್ಟರೂ ಅದನ್ನ ಅಂತಾರ. ಶಾಕಿರ ಮಸೂತಿಗಿ ಹೋಗಿ ಅಲ್ಲಾನ ಮುಂದ ಮೊದಲ ನಿನ್ನ ಹೆಸರ ಹೇಳಿ ಬಂದಾನ."

ಅವರ ಕೈ ಬಿಸಿಯಾಗಿತ್ತು. ನಾನು ಬಿಡಿಸಿಕೊಳ್ಳಲಿಲ್ಲ.

"ಇನ್ನೊಂದ ಮಾತ. ನಮ್ಮ ಸಣ್ಣ ಸೊಸೀಗೂ ನಾಕ ತಿಂಗಳ ಈಗ. ಆಕೀ ತವರಮನಿಯವರು ಈಗಿಂದಾನ ಬೆಳಗಾಂವಕ್ಕ ಹೆಸರ ಹಚ್ಚಬೇಕ ಅನ್ನಾಕ ಹತ್ಯಾರ. ನಾ ಸಾಫ ಹೇಳೀನಿ, ಇಲ್ಲ ಅಂತ. ಆಕೀನ್ನ ನಿನ್ನ ಕೈಯಾಗ ಕೊಡಾಂವ್ರು ನಾವು."

ಗಾಜಿನ ಆಚೆ ಯಂತ್ರವೊಂದು ತಡೆದು ತಡೆದು ಸದ್ದು ಮಾಡುತ್ತಿತ್ತು. ನರ್ಸೊಬ್ಬಳು ಬಂದು ಪರದೆ ಎಳೆದಳು.

"ಮಂಗಳವಾರ ಕರಕೊಂಡ ಬರ್ರಿ" ಅಂದೆ.